ತಾರೀಖು ಮೊದಲು, ಕಥೆ ಆಮೇಲೆ: ಮಾಲೀಕರು ಬದಲಾದ ಮೇಲೆ ಸ್ಟಾರ್ ವಾರ್ಸ್ ಅಭಿಮಾನಿಗಳಿಗೆ ಆದ ನಿರಾಸೆ

2012ರ ಅಕ್ಟೋಬರ್ 30ರಂದು ವಾಲ್ಟ್ ಡಿಸ್ನಿ ಕಂಪನಿ, ಸ್ಟಾರ್ ವಾರ್ಸ್ ಚಿತ್ರಗಳ ಒಡೆತನವಿದ್ದ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯನ್ನು 405 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಅರ್ಧದಷ್ಟು ನಗದು, ಉಳಿದದ್ದಕ್ಕೆ ಸುಮಾರು 4 ಕೋಟಿ ಡಿಸ್ನಿ ಷೇರು. ಅದೇ ಪ್ರಕಟಣೆಯಲ್ಲಿ ಇನ್ನೊಂದು ಸಾಲೂ ಇತ್ತು: ಸ್ಟಾರ್ ವಾರ್ಸ್ ಸರಣಿಯ ಏಳನೆಯ ಚಿತ್ರ 2015ರಲ್ಲಿ ಬರಲಿದೆ. ಆ ಹೊತ್ತಿಗೆ ಚಿತ್ರಕಥೆ ಸಿದ್ಧವಿರಲಿಲ್ಲ, ನಿರ್ದೇಶಕರ ನೇಮಕವೂ ಆಗಿರಲಿಲ್ಲ.

ಆ ಒಂದು ಸಾಲಿನಿಂದ ಏನೇನಾಯಿತು ಎಂಬುದೇ ಈ ಅಧ್ಯಯನದ ವಿಷಯ. ಜನ ತಲೆಮಾರುಗಟ್ಟಲೆ ಹಚ್ಚಿಕೊಂಡ ಕಥಾಸರಣಿಯನ್ನು ಬೇರೆಯವರಿಂದ ವಹಿಸಿಕೊಳ್ಳುವ ಯಾರಿಗಾದರೂ ಇದು ಉಪಯೋಗಕ್ಕೆ ಬರಬೇಕು. ಅದು ಸಿನಿಮಾ ಇರಲಿ, ಧಾರಾವಾಹಿ ಇರಲಿ, ಕಾಮಿಕ್ಸ್ ಇರಲಿ. ಸರಣಿಯ ಹೆಸರು, ಕಂಪನಿಗಳು, ಗಳಿಕೆಯ ಲೆಕ್ಕ ಎಲ್ಲವೂ ಬಹಿರಂಗ ದಾಖಲೆ, ಅವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ವ್ಯಕ್ತಿಗಳ ಹೆಸರನ್ನು ಮಾತ್ರ ಬೇಕೆಂದೇ ಬಿಟ್ಟಿದೆ. ಸೃಷ್ಟಿಕರ್ತ, ಏಳನೆಯ ಚಿತ್ರದ ನಿರ್ದೇಶಕ, ಒಬ್ಬ ನಟಿ, ಹೀಗೆ ಅವರ ಕೆಲಸದಿಂದಲೇ ಕರೆದಿದೆ. ಈ ಪ್ರಕರಣದಲ್ಲಿ ಸಿಟ್ಟೆಲ್ಲ ಮೂರ್ನಾಲ್ಕು ಜನರ ಹೆಸರಿಗೆ ಅಂಟಿಕೊಂಡಿತು. ಅದರಿಂದಾಗಿಯೇ ಅವರು ಯಾವ ಒತ್ತಡದಲ್ಲಿ ಯಾವ ನಿರ್ಧಾರ ತೆಗೆದುಕೊಂಡರು ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ.

ಹಿನ್ನೆಲೆ

ಮೊದಲ ಚಿತ್ರ ಅಮೆರಿಕದಲ್ಲಿ ತೆರೆಗೆ ಬಂದದ್ದು 1977ರ ಮೇ 25ರಂದು, ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಮೂಲಕ. ಸೃಷ್ಟಿಕರ್ತ ಹೆಚ್ಚಿನ ಸಂಭಾವನೆಗೆ ಪಟ್ಟು ಹಿಡಿಯದೆ ಮುಂದಿನ ಭಾಗಗಳ ಹಕ್ಕನ್ನೂ ಆಟಿಕೆ, ಉಡುಪು ಮುಂತಾದ ಸರಕುಗಳ ಹಕ್ಕನ್ನೂ ತಮ್ಮ ಬಳಿ ಉಳಿಸಿಕೊಂಡರು. ಆ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಗೊಂಬೆಗಳು ತಯಾರಾಗಿರಲಿಲ್ಲ. ಕೆನ್ನರ್ ಎಂಬ ಆಟಿಕೆ ಕಂಪನಿ ಗೊಂಬೆಗಳಿಲ್ಲದ ರಟ್ಟಿನ ಪೊಟ್ಟಣವನ್ನೂ, ಗೊಂಬೆಗಳನ್ನು ಆಮೇಲೆ ಅಂಚೆಯಲ್ಲಿ ಕಳಿಸುತ್ತೇವೆ ಎಂಬ ಚೀಟಿಯನ್ನೂ ಮಾರಿತು. ಜನ ಅದನ್ನೂ ಕೊಂಡರು. ಇಷ್ಟು ನಂಬಿಕೆ ಇಟ್ಟ ಮಕ್ಕಳೇ 2015ರ ಹೊತ್ತಿಗೆ ನಲವತ್ತು ದಾಟಿ ತಮ್ಮ ಮಕ್ಕಳನ್ನು ಕರೆದುಕೊಂಡು ಚಿತ್ರಮಂದಿರಕ್ಕೆ ಬಂದವರು.

1980, 1983ರಲ್ಲಿ ಎರಡು ಮತ್ತು ಮೂರನೆಯ ಚಿತ್ರ. 1999ರಿಂದ 2005ರವರೆಗೆ ಪೂರ್ವಕಥೆಯ ಮೂರು ಚಿತ್ರ. ನಡುವಿನ ಬರಗಾಲದಲ್ಲಿ ಸರಣಿಯನ್ನು ಉಸಿರಾಡಿಸಿದ್ದು ಪುಸ್ತಕಗಳು. 1991ರಲ್ಲಿ ಬಂದ ಒಂದು ಕಾದಂಬರಿಯಿಂದ ಶುರುವಾಗಿ ನೂರಾರು ಕಾದಂಬರಿ, ಕಾಮಿಕ್ಸ್, ವಿಡಿಯೊ ಗೇಮ್‌ಗಳು ಮೂರನೆಯ ಚಿತ್ರದ ಮುಂದಿನ ಕಥೆಯನ್ನು ದಶಕಗಳಷ್ಟು ಬೆಳೆಸಿದವು. ಅವುಗಳಲ್ಲಿ ನಾಯಕ ಲ್ಯೂಕ್ ಮದುವೆಯಾಗಿದ್ದ, ಜೆಡಾಯ್ ಎಂಬ ಯೋಧರ ಹೊಸ ಪೀಳಿಗೆಯನ್ನು ಕಟ್ಟಿದ್ದ. ಇದಕ್ಕೆ ಅಭಿಮಾನಿಗಳು ವಿಸ್ತೃತ ಲೋಕ ಎಂಬರ್ಥದ ಎಕ್ಸ್‌ಪ್ಯಾಂಡೆಡ್ ಯೂನಿವರ್ಸ್ ಎನ್ನುತ್ತಿದ್ದರು.

ಹಳೆಯ ಮಾಲೀಕರ ಕಾಲದಲ್ಲಿ ಎಲ್ಲರೂ ಸಂತೋಷವಾಗಿದ್ದರು ಎಂಬ ಮಾತನ್ನು ಇಂದು ಧಾರಾಳವಾಗಿ ಹೇಳುತ್ತಾರೆ. ಅದು ನಿಜವಲ್ಲ. 1997ರಲ್ಲಿ ಸೃಷ್ಟಿಕರ್ತ ಮೊದಲ ಮೂರು ಚಿತ್ರಗಳನ್ನು ಕಂಪ್ಯೂಟರ್ ದೃಶ್ಯಗಳಿಂದ ತಿದ್ದಿ ಬಿಡುಗಡೆ ಮಾಡಿದಾಗ, ಮದ್ಯದಂಗಡಿಯ ದೃಶ್ಯದಲ್ಲಿ ಲ್ಯೂಕ್‌ನ ಗೆಳೆಯ ಹಾನ್ ಸೋಲೋ ಮೊದಲು ಗುಂಡು ಹಾರಿಸಿದ್ದನ್ನು ಬದಲಿಸಿದ್ದಕ್ಕೆ ಎದ್ದ ಕೋಪ ಇಂದಿಗೂ ಆರಿಲ್ಲ. ತಿದ್ದುಪಡಿ ಇಲ್ಲದ ರೂಪ ಬೇಕೆಂದು ಅಭಿಮಾನಿಗಳೇ ಹಳೆಯ 35 ಎಂಎಂ ಪ್ರತಿಗಳನ್ನು ಹುಡುಕಿ, ಸ್ಕ್ಯಾನ್ ಮಾಡಿ, ಫ್ರೇಮ್ ಫ್ರೇಮಾಗಿ ಶುಚಿ ಮಾಡಿದರು. ಪೂರ್ವಕಥೆಯ ಚಿತ್ರಗಳ ಮೇಲಂತೂ ಬೈಗುಳದ ಮಳೆಯೇ ಸುರಿಯಿತು. ಆದರೂ ಆ ಕೋಪಕ್ಕೊಂದು ಮಿತಿ ಇತ್ತು. ಕಥೆ ಹುಟ್ಟಿಸಿದವರೇ ಅದನ್ನು ಬದಲಿಸುತ್ತಿದ್ದಾರೆ ಎಂಬ ಅರಿವು ಅದಕ್ಕೆ ಕಡಿವಾಣ ಹಾಕಿತ್ತು. ಹಳೆಯ ಸಂಸ್ಥೆ ಅಭಿಮಾನಿಗಳಿಗೆ ಮರ್ಯಾದೆ ಕೊಟ್ಟ ಉದಾಹರಣೆಗಳೂ ಇದ್ದವು. 1997ರಲ್ಲಿ ಹುಟ್ಟಿದ ‘501ನೇ ಲೀಜನ್’ ಎಂಬ ವೇಷಧಾರಿ ಸ್ವಯಂಸೇವಕರ ಬಳಗದ ಹೆಸರನ್ನು 2005ರ ಚಿತ್ರದಲ್ಲಿ ಒಂದು ಸೇನಾ ತುಕಡಿಗೇ ಇಟ್ಟರು. ಮಾಲೀಕತ್ವ ಕೈಬದಲಾದ ದಿನ ಆ ಕಡಿವಾಣ ಕಳಚಿತು. ಹೊಸಬರು ಕೊಂಡುಕೊಂಡದ್ದು ಹಕ್ಕುಪತ್ರವನ್ನು. ಸೃಷ್ಟಿಕರ್ತನಿಗೆ ಸಿಗುತ್ತಿದ್ದ ರಿಯಾಯಿತಿ ಅದರ ಜೊತೆಗೆ ಬರಲಿಲ್ಲ.

ಎಲ್ಲಿ ಬಿರುಕು ಬಿಟ್ಟಿತು

ಮಾರಾಟದ ಜೊತೆಗೆ ಸೃಷ್ಟಿಕರ್ತ ಏಳು, ಎಂಟು, ಒಂಬತ್ತನೆಯ ಚಿತ್ರಗಳ ಕಥೆಯ ರೂಪರೇಖೆಯನ್ನೂ ಕೊಟ್ಟಿದ್ದರು. ಡಿಸ್ನಿ ಅದನ್ನು ಕೊಂಡಿತು, ಬಳಸಲಿಲ್ಲ. ಬಳಸಲೇಬೇಕೆಂಬ ಷರತ್ತೂ ಇರಲಿಲ್ಲ. ಇದರಿಂದ ಸೃಷ್ಟಿಕರ್ತನಿಗೆ ಮೋಸವಾದಂತೆ ಅನಿಸಿತ್ತು ಎಂದು ಆಗಿನ ಡಿಸ್ನಿ ಮುಖ್ಯಸ್ಥರೇ 2019ರಲ್ಲಿ ತಮ್ಮ ಆತ್ಮಕಥನದಲ್ಲಿ ಬರೆದುಕೊಂಡಿದ್ದಾರೆ. ರೂಪರೇಖೆ ಬಿಟ್ಟದ್ದು ದೊಡ್ಡ ತಪ್ಪೇನಲ್ಲ. ಅದನ್ನು ಬಿಟ್ಟ ಮೇಲೆ ಅದರ ಜಾಗಕ್ಕೆ ಮೂರೂ ಚಿತ್ರಗಳಿಗೆ ಹೊಂದುವ ಇನ್ನೊಂದು ರೂಪರೇಖೆಯನ್ನು ತರಲಿಲ್ಲ. ದೊಡ್ಡ ತಪ್ಪು ಅದು.

ತಾರೀಖು ಗೊತ್ತಾಗಿತ್ತು. ಏಳನೆಯ ಚಿತ್ರವನ್ನು 2015ರ ಡಿಸೆಂಬರ್ 18ಕ್ಕೆ ನಿಲ್ಲಿಸಿದರು. ಎಂಟನೆಯದು ಮೊದಲು 2017ರ ಮೇ 26 ಎಂದಿತ್ತು, ಅದನ್ನು ಡಿಸೆಂಬರ್ 15ಕ್ಕೆ ತಳ್ಳಿದರು. ಒಂಬತ್ತನೆಯದು 2019ರ ಮೇ 24 ಎಂದಿದ್ದದ್ದು ಡಿಸೆಂಬರ್ 20ಕ್ಕೆ ಹೋಯಿತು. ನಡುವೆ ಬಿಡಿ ಕಥೆಗಳಾಗಿ 2016ರ ಡಿಸೆಂಬರ್‌ನಲ್ಲಿ ‘ರೋಗ್ ವನ್’, 2018ರ ಮೇ 25ಕ್ಕೆ ‘ಸೋಲೋ’. ಕೊಂಡ ದಿನ ಎರಡು ಮೂರು ವರ್ಷಕ್ಕೊಂದು ಚಿತ್ರ ಎಂದಿದ್ದ ಕಂಪನಿ ನಾಲ್ಕು ವರ್ಷದಲ್ಲಿ ಐದು ಚಿತ್ರ ತೆರೆಗೆ ತಂದಿತು.

ಈ ವೇಳಾಪಟ್ಟಿಯನ್ನು ಹತ್ತಿರದಿಂದ ನೋಡಿದರೆ ತೊಡಕು ಕಾಣುತ್ತದೆ. ಎಂಟನೆಯ ಚಿತ್ರದ ಚಿತ್ರೀಕರಣ ಶುರುವಾದದ್ದು 2016ರ ಫೆಬ್ರವರಿಯಲ್ಲಿ, ಅಂದರೆ ಏಳನೆಯದು ತೆರೆಕಂಡ ಎರಡೇ ತಿಂಗಳಿಗೆ. ಅದರ ಚಿತ್ರಕಥೆ ಬರೆದದ್ದು ಏಳನೆಯದನ್ನು ಪ್ರೇಕ್ಷಕರು ನೋಡುವ ಮುಂಚೆಯೇ. ಏಳನೆಯದು ಎತ್ತಿದ ಯಾವ ಪ್ರಶ್ನೆ ಜನರ ಮನಸ್ಸಿನಲ್ಲಿ ನಿಂತಿತು, ಯಾವುದು ಜಾರಿಹೋಯಿತು ಎಂದು ತಿಳಿಯುವ ಅವಕಾಶ ಎಂಟನೆಯದರ ಬರಹಗಾರನಿಗೆ ಸಿಗಲೇ ಇಲ್ಲ. ಒಂಬತ್ತನೆಯದರಲ್ಲಿ ತೊಡಕು ಇನ್ನೊಂದು ಬಗೆಯದು. ಅದಕ್ಕೆ ನೇಮಕವಾಗಿದ್ದ ನಿರ್ದೇಶಕ 2017ರ ಸೆಪ್ಟೆಂಬರ್‌ನಲ್ಲಿ ಹೊರನಡೆದರು, ಏಳನೆಯದರ ನಿರ್ದೇಶಕ ವಾಪಸು ಬಂದರು. 2018ರ ಆಗಸ್ಟ್‌ಗೆ ಕ್ಯಾಮೆರಾ ತಿರುಗಬೇಕಿತ್ತು. ಲ್ಯೂಕ್‌ನ ಸಹೋದರಿ ಲೇಯಾಳ ಪಾತ್ರದ ನಟಿ 2016ರ ಡಿಸೆಂಬರ್ 27ರಂದು ತೀರಿಕೊಂಡಿದ್ದರು. ಕೊನೆಯ ಚಿತ್ರದ ತೂಕವೆಲ್ಲ ಆ ಪಾತ್ರದ ಮೇಲೆ ಬೀಳಬೇಕಿದ್ದದ್ದು. ಹಳೆಯ ತುಣುಕುಗಳನ್ನೇ ಜೋಡಿಸಿ ಕಥೆ ನಡೆಸಬೇಕಾಯಿತು. ಇಷ್ಟಾದರೂ ತಾರೀಖು ಸರಿದದ್ದು ಏಳು ತಿಂಗಳು ಮಾತ್ರ.

ಇದಕ್ಕೂ ಮೊದಲು, 2014ರ ಏಪ್ರಿಲ್ 25ರಂದು, ಎಕ್ಸ್‌ಪ್ಯಾಂಡೆಡ್ ಯೂನಿವರ್ಸ್‌ನ ಪುಸ್ತಕಗಳೆಲ್ಲ ಇನ್ನು ಮುಂದೆ ‘ಲೆಜೆಂಡ್ಸ್’, ಅಧಿಕೃತ ಕಥೆಯಲ್ಲ ಎಂದು ಪ್ರಕಟಿಸಿದ್ದರು. ಉಳಿದದ್ದು ಆರು ಚಿತ್ರಗಳು ಮತ್ತು ‘ದಿ ಕ್ಲೋನ್ ವಾರ್ಸ್’ ಅನಿಮೇಷನ್. ಈ ನಿರ್ಧಾರವನ್ನು ನಾವು ತಪ್ಪೆನ್ನುವುದಿಲ್ಲ. ನೂರಾರು ಪುಸ್ತಕಗಳಿಗೆ ಕಟ್ಟುಬಿದ್ದು ಯಾರೂ ಹೊಸ ಚಿತ್ರ ಬರೆಯಲಾರರು; ಹಳೆಯ ಮಾಲೀಕರೂ ಪುಸ್ತಕಗಳನ್ನು ಚಿತ್ರಗಳಿಗಿಂತ ಕೆಳಗಿನ ಮೆಟ್ಟಿಲಲ್ಲೇ ಇಟ್ಟಿದ್ದರು. ನೋವು ಕೊಟ್ಟದ್ದು ನಂತರದ ಬೆಳವಣಿಗೆ. ಪುಸ್ತಕಗಳಲ್ಲಿ ಗುರುಕುಲ ಕಟ್ಟಿದ್ದ ಲ್ಯೂಕ್ ಹೊಸ ಚಿತ್ರದಲ್ಲಿ ಸೋತು, ನಿರ್ಜನ ದ್ವೀಪದಲ್ಲಿ ಅಡಗಿ ಕೂತಿದ್ದ. ದಂಪತಿ ಹಾನ್ ಮತ್ತು ಲೇಯಾ ದೂರವಾಗಿದ್ದರು. ಗಣರಾಜ್ಯ ಒಂದೇ ಏಟಿಗೆ ಬೂದಿಯಾಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಓದಿದ ಬದುಕನ್ನು ತೆಗೆದು ಅದರ ಜಾಗಕ್ಕೆ ಏನು ಕೊಡುತ್ತೀರಿ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ, ಮೊದಲ ಚಿತ್ರದ ಅಚ್ಚಿನಲ್ಲೇ ಎರಕ ಹೊಯ್ದ ಕಥೆ: ಮರುಭೂಮಿಯ ಅನಾಥೆ, ಗುಟ್ಟು ಹೊತ್ತ ರೋಬೋ, ಗ್ರಹ ಸುಡುವ ಯಂತ್ರ. ‘ದಿ ಫೋರ್ಸ್ ಅವೇಕನ್ಸ್’ ಎಂಬ ಈ ಏಳನೆಯ ಚಿತ್ರ ಜಗತ್ತಿನಾದ್ಯಂತ ಸುಮಾರು 207 ಕೋಟಿ ಡಾಲರ್ ಗಳಿಸಿದ್ದರಿಂದ ಈ ದೂರು ಆಗ ಗದ್ದಲದಲ್ಲಿ ಕೇಳಿಸಲಿಲ್ಲ.

ಒಂದು ಲೈಟ್‌ಸೇಬರ್, ಮೂರು ಚಿತ್ರ

ನಿರ್ಧಾರಗಳು ತೆರೆಯ ಮೇಲೆ ಹೇಗೆ ಕಂಡವು ಎಂದು ತಿಳಿಯಲು ಒಂದು ವಸ್ತುವನ್ನು ಹಿಡಿದು ಹೋಗೋಣ. ಏಳನೆಯ ಚಿತ್ರದ ಕೊನೆಯಲ್ಲಿ ರೇ ಎಂಬ ಯುವತಿ ದ್ವೀಪದ ಮೆಟ್ಟಿಲು ಹತ್ತಿ, ಲ್ಯೂಕ್‌ನ ಹಳೆಯ ಲೈಟ್‌ಸೇಬರನ್ನು, ಅಂದರೆ ಬೆಳಕಿನ ಕತ್ತಿಯನ್ನು, ಕೈಚಾಚಿ ಅವನ ಮುಂದೆ ಹಿಡಿಯುತ್ತಾಳೆ. ಮಾತಿಲ್ಲ. ಚಿತ್ರ ಅಲ್ಲಿಗೇ ಮುಗಿಯುತ್ತದೆ. ಜನ ಎರಡು ವರ್ಷ ಆ ಕೈಯನ್ನೇ ನೆನೆದು ಕಾದರು. ಎಂಟನೆಯದರಲ್ಲಿ ಲ್ಯೂಕ್ ಅದನ್ನು ತೆಗೆದುಕೊಂಡು ಹೆಗಲ ಹಿಂದಕ್ಕೆ ಎಸೆದು ನಡೆದುಬಿಡುತ್ತಾನೆ. ಒಂಬತ್ತನೆಯದರಲ್ಲಿ ರೇ ಉರಿಯುವ ನೌಕೆಯತ್ತ ಲೈಟ್‌ಸೇಬರ್ ಎಸೆದಾಗ, ಸತ್ತ ಲ್ಯೂಕ್‌ನ ಆತ್ಮ ಬೆಂಕಿಯಿಂದ ಹೊರಬಂದು ಅದನ್ನು ಹಿಡಿದು, ಜೆಡಾಯ್‌ನ ಆಯುಧಕ್ಕೆ ಗೌರವ ಕೊಡಬೇಕೆಂದು ಬುದ್ಧಿ ಹೇಳುತ್ತದೆ.

ಬಿಡಿಯಾಗಿ ನೋಡಿದರೆ ಮೂರೂ ದೃಶ್ಯಕ್ಕೆ ಅರ್ಥವಿದೆ. ಎಸೆತದ ದೃಶ್ಯವನ್ನು ನಾವು ಗಟ್ಟಿ ಬರವಣಿಗೆ ಎಂದೇ ಎಣಿಸುತ್ತೇವೆ. ಸೋತವನ ಜಿಗುಪ್ಸೆಯನ್ನು ಅಷ್ಟು ಚಿಕ್ಕದಾಗಿ ಹೇಳುವುದು ಸುಲಭವಲ್ಲ. ಸಾಲಾಗಿ ನೋಡಿದಾಗ ಮಾತ್ರ ಒಂದೇ ಕಥೆ ಓಡುತ್ತಿಲ್ಲ, ಒಬ್ಬ ಬರಹಗಾರ ಇನ್ನೊಬ್ಬನಿಗೆ ಉತ್ತರ ಕೊಡುತ್ತಿದ್ದಾನೆ ಎಂದು ತಿಳಿದುಹೋಗುತ್ತದೆ. ರೇಯ ತಂದೆತಾಯಿ ಯಾರು ಎಂಬ ಪ್ರಶ್ನೆಗೂ ಅದೇ ಗತಿ. ಏಳನೆಯದು ಅದನ್ನು ದೊಡ್ಡ ಗುಟ್ಟು ಮಾಡಿತು, ಎಂಟನೆಯದು ಅವರು ಹೆಸರಿಲ್ಲದ ಸಾಮಾನ್ಯರು ಎಂದಿತು, ಒಂಬತ್ತನೆಯದು ಆಕೆ ಹಳೆಯ ಖಳ ಪ್ಯಾಲ್ಪಟೈನ್‌ನ ಮೊಮ್ಮಗಳು ಎಂದಿತು. ಚಿತ್ರೀಕರಣದ ಹೊತ್ತಿನಲ್ಲೂ ಉತ್ತರ ಬದಲಾಗುತ್ತಿತ್ತು ಎಂದು ಆ ಪಾತ್ರದ ನಟಿಯೇ ಆಮೇಲೆ ಹೇಳಿದ್ದಾರೆ.

ಸತ್ತಿದ್ದ ಪ್ಯಾಲ್ಪಟೈನ್ ಮರಳಿ ಬಂದದ್ದನ್ನು ಹೇಳಿದ ರೀತಿ ಇನ್ನೂ ವಿಚಿತ್ರ. ಒಂಬತ್ತನೆಯ ಚಿತ್ರ ‘ದಿ ರೈಸ್ ಆಫ್ ಸ್ಕೈವಾಕರ್’ನ ಆರಂಭದ ಬರಹ, ಅವನ ಬೆದರಿಕೆಯ ಪ್ರಸಾರವನ್ನು ಇಡೀ ಬ್ರಹ್ಮಾಂಡ ಕೇಳಿದೆ ಎನ್ನುತ್ತದೆ. ಆ ಪ್ರಸಾರ ಚಿತ್ರದಲ್ಲಿ ಇಲ್ಲ. ಅದು ಕೇಳಿಬಂದದ್ದು ಬಿಡುಗಡೆಗೆ ಕೆಲವೇ ದಿನ ಮೊದಲು ಫೋರ್ಟ್‌ನೈಟ್ ಎಂಬ ವಿಡಿಯೊ ಗೇಮಿನೊಳಗೆ ನಡೆದ ಕಾರ್ಯಕ್ರಮದಲ್ಲಿ. ಒಂಬತ್ತು ಚಿತ್ರಗಳ ಮುಕ್ತಾಯಕ್ಕೆ ಕೀಲಿಯಾದ ಮಾತು ಚಿತ್ರಮಂದಿರದಲ್ಲಿ ಕೂತವನ ಕಿವಿಗೆ ಬೀಳಲಿಲ್ಲ. ಇದು ಸಣ್ಣ ವಿಷಯವೆಂದು ಕೆಲವರು ತಳ್ಳಿಹಾಕುತ್ತಾರೆ. ನಮಗೆ ಇದೇ ಇಡೀ ಪ್ರಕರಣದ ಅತಿ ಸ್ಪಷ್ಟ ಲಕ್ಷಣ. ಕಥೆಯ ಕೆಲಸವನ್ನು ಪ್ರಚಾರದ ವಿಭಾಗಕ್ಕೆ ಒಪ್ಪಿಸಿದಾಗ ಹೀಗಾಗುತ್ತದೆ.

ಸಿಟ್ಟನ್ನು ಅಳೆದ ರೀತಿ

2017ರ ಡಿಸೆಂಬರ್‌ನಲ್ಲಿ ಎಂಟನೆಯ ಚಿತ್ರ ‘ದಿ ಲಾಸ್ಟ್ ಜೆಡಾಯ್’ ಬಂದಾಗ ಪ್ರೇಕ್ಷಕರ ಅಭಿಪ್ರಾಯದ ಎರಡು ಅಂಕಿ ಒಂದಕ್ಕೊಂದು ಎದುರಾಗಿ ನಿಂತವು. ಮೊದಲ ದಿನ ಚಿತ್ರಮಂದಿರದಿಂದ ಹೊರಬರುವವರನ್ನು ಕೇಳಿ ಅಂಕ ಕೊಡುವ ಸಿನಿಮಾಸ್ಕೋರ್ ‘ಎ’ ಕೊಟ್ಟಿತು. ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮೇಟೋಸ್ ಜಾಲತಾಣದಲ್ಲಿ ವಿಮರ್ಶಕರ ಮೆಚ್ಚುಗೆ ಶೇಕಡ 90ರ ಆಸುಪಾಸು, ಪ್ರೇಕ್ಷಕರದು ಶೇಕಡ 40ಕ್ಕೆ ಸ್ವಲ್ಪ ಮೇಲೆ. ಎರಡೂ ಬಣ ತಮಗೆ ಬೇಕಾದ ಅಂಕಿಯನ್ನು ಹಿಡಿದು ಕೂತವು.

ಎರಡರಲ್ಲೂ ದೋಷವಿದೆ. ಮೊದಲ ದಿನ ಟಿಕೆಟ್ ತೆಗೆದವನು ಖುಷಿಪಡಲೆಂದೇ ಬಂದವನು. ಬಾಗಿಲಲ್ಲಿ ಕೇಳಿದಾಗ ಅವನಿನ್ನೂ ದೃಶ್ಯವೈಭವದ ಗುಂಗಿನಲ್ಲಿರುತ್ತಾನೆ. ಇನ್ನು ಆಗಿನ ರಾಟನ್ ಟೊಮೇಟೋಸ್‌ನಲ್ಲಿ ಚಿತ್ರ ನೋಡದವರೂ ಅಂಕ ಹಾಕಬಹುದಿತ್ತು. 2019ರ ಮೇ ತಿಂಗಳಲ್ಲಿ ಟಿಕೆಟ್ ಕೊಂಡದ್ದನ್ನು ತಾಳೆ ನೋಡುವ ಪದ್ಧತಿ ಬಂತು. ಆ ಪದ್ಧತಿಯಲ್ಲಿ ಒಂಬತ್ತನೆಯ ಚಿತ್ರಕ್ಕೆ ಶೇಕಡ 86 ಬಂದಿತು. ಆದ್ದರಿಂದ ಎಂಟನೆಯದರ ನಲವತ್ತರ ಪಕ್ಕ ಒಂಬತ್ತನೆಯದರ ಎಂಬತ್ತಾರನ್ನು ಇಟ್ಟು ಹೋಲಿಸುವುದು ತಪ್ಪು ಲೆಕ್ಕ, ಈಗಲೂ ಬಹಳ ಜನ ಅದನ್ನೇ ಮಾಡುತ್ತಾರೆ. ಸಿನಿಮಾಸ್ಕೋರ್‌ನಲ್ಲಿ ಒಂಬತ್ತನೆಯದಕ್ಕೆ ಸಿಕ್ಕದ್ದು ‘ಬಿ ಪ್ಲಸ್’, ಅಂದರೆ ಎಂಟನೆಯದಕ್ಕಿಂತ ಕಡಿಮೆ.

ಎರಡನೆಯ ವಾರಾಂತ್ಯದ ಕುಸಿತ ಇವೆರಡಕ್ಕಿಂತ ಚೆನ್ನಾಗಿ ಮಾತಾಡುವ ಅಂಕಿ. ಅಮೆರಿಕದಲ್ಲಿ ಎಂಟನೆಯ ಚಿತ್ರದ ಮೊದಲ ವಾರಾಂತ್ಯ 22 ಕೋಟಿ ಡಾಲರ್, ಎರಡನೆಯದು ಸುಮಾರು 7.2 ಕೋಟಿ, ಮೂರನೇ ಎರಡು ಭಾಗ ಇಳಿದಿತ್ತು. ಏಳನೆಯದು ಇಳಿದದ್ದು ಶೇಕಡ 40ರಷ್ಟು. ಆದರೆ ಇಲ್ಲಿಯೂ ಕ್ಯಾಲೆಂಡರ್ ನೋಡಬೇಕು: 2017ರಲ್ಲಿ ಎರಡನೆಯ ವಾರಾಂತ್ಯದ ಭಾನುವಾರ ಕ್ರಿಸ್‌ಮಸ್‌ನ ಹಿಂದಿನ ದಿನವಾಗಿತ್ತು, ಅಂದು ಅಮೆರಿಕದಲ್ಲಿ ಜನ ಚಿತ್ರಮಂದಿರಕ್ಕೆ ಹೋಗುವುದು ಕಡಿಮೆ. ಇದನ್ನು ಕಳೆದರೂ ಕುಸಿತ ದೊಡ್ಡದೇ. ಒಟ್ಟು ಗಳಿಕೆ 133 ಕೋಟಿಗೆ ನಿಂತಿತು.

ಐದೇ ತಿಂಗಳಿಗೆ ಹಾನ್‌ನ ಯೌವನದ ಕಥೆ ‘ಸೋಲೋ’ ಬಂತು. ಚಿತ್ರೀಕರಣದ ನಡುವೆಯೇ, 2017ರ ಜೂನ್‌ನಲ್ಲಿ, ಇಬ್ಬರು ನಿರ್ದೇಶಕರನ್ನು ತೆಗೆದು ಇನ್ನೊಬ್ಬರನ್ನು ತಂದು ಬಹುಪಾಲು ಮರುಚಿತ್ರೀಕರಣ ಮಾಡಿದ್ದರು. ಖರ್ಚು 25 ಕೋಟಿ ಡಾಲರ್ ದಾಟಿತ್ತೆಂದು ವರದಿಗಳು ಹೇಳಿದವು. ಬಿಡುಗಡೆಯ ವಾರದಲ್ಲಿ ಅವೆಂಜರ್ಸ್ ಮತ್ತು ಡೆಡ್‌ಪೂಲ್ ಇನ್ನೂ ಓಡುತ್ತಿದ್ದವು. ಗಳಿಕೆ 39 ಕೋಟಿ ಡಾಲರ್‌ನಷ್ಟು. ನಷ್ಟ ಮಾಡಿದ ಮೊದಲ ಸ್ಟಾರ್ ವಾರ್ಸ್ ಚಿತ್ರ ಇದೇ. ಬಹಿಷ್ಕಾರದ ಕರೆ ಕೊಟ್ಟವರು ಗೆಲುವು ತಮ್ಮದೆಂದರು. ಅದಕ್ಕಿಂತ ಸರಳ ಕಾರಣಗಳು ಕಣ್ಣೆದುರೇ ಇದ್ದವು: ಬೇಡಿಕೆಯೇ ಇಲ್ಲದ ಕಥೆ, ಎರಡು ಪಟ್ಟು ಖರ್ಚು, ಹಸಿವಾಗುವ ಮೊದಲೇ ಬಡಿಸಿದ ಊಟ. ತುಂಬಾ ಬೇಗ, ತುಂಬಾ ಹೆಚ್ಚು ಚಿತ್ರ ತಂದದ್ದು ತನ್ನ ತಪ್ಪೆಂದು ಡಿಸ್ನಿ ಮುಖ್ಯಸ್ಥರು 2018ರ ಸೆಪ್ಟೆಂಬರ್‌ನಲ್ಲಿ ಒಪ್ಪಿಕೊಂಡರು.

ಇಷ್ಟರಲ್ಲಿ ಕೋಪ ಮನುಷ್ಯರ ಮೇಲೆ ತಿರುಗಿತ್ತು. ಎಂಟನೆಯ ಚಿತ್ರದಲ್ಲಿ ರೋಸ್ ಎಂಬ ಹೊಸ ಪಾತ್ರ ಮಾಡಿದ ವಿಯೆಟ್ನಾಂ ಮೂಲದ ಅಮೆರಿಕನ್ ನಟಿಯ ಮೇಲೆ ಜನಾಂಗದ, ಮೈಕಟ್ಟಿನ ನಿಂದನೆ ಸುರಿಯಿತು. 2018ರ ಜೂನ್‌ನಲ್ಲಿ ಆಕೆ ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನೆಲ್ಲ ಅಳಿಸಿದರು. ಇದನ್ನು ಅಭಿಮಾನದ ಅತಿರೇಕ ಎಂದು ಯಾರೂ ಮೃದುವಾಗಿ ಹೇಳಬಾರದು. ಅದು ಕಿರುಕುಳ. ಅದೇ ಹೊತ್ತಿನಲ್ಲಿ, ಎಂಟನೆಯ ಚಿತ್ರವನ್ನು ಅಧಿಕೃತ ಕಥೆಯಿಂದಲೇ ತೆಗೆಯಿರಿ ಎಂಬ ಮನವಿಗೆ ಒಂದು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿತು.

2018ರಲ್ಲಿ ಅಮೆರಿಕದ ಒಬ್ಬ ಸಂಶೋಧಕರು ಎಂಟನೆಯ ಚಿತ್ರದ ನಿರ್ದೇಶಕರಿಗೆ ಬಂದ 967 ಟ್ವೀಟ್‌ಗಳನ್ನು ವಿಂಗಡಿಸಿದರು. ಐದರಲ್ಲಿ ಒಂದು ಭಾಗದಷ್ಟು ಮಾತ್ರ ವಿರೋಧದವು. ಆ ವಿರೋಧದಲ್ಲಿ ಸುಮಾರು ಅರ್ಧ ರಾಜಕೀಯ ಪ್ರೇರಿತವೋ, ಕೆಣಕಲೆಂದು ಬರೆದದ್ದೋ, ಯಂತ್ರಖಾತೆಗಳದ್ದೋ ಆಗಿರುವ ಸಾಧ್ಯತೆ ಕಂಡಿತು. ಪತ್ರಿಕೆಗಳು ಇದನ್ನು ಚಿತ್ರವನ್ನು ದ್ವೇಷಿಸಿದವರಲ್ಲಿ ಅರ್ಧ ಜನ ಸುಳ್ಳು ಎಂದು ತಲೆಬರಹ ಮಾಡಿದವು. ಅಧ್ಯಯನ ಹೇಳಿದ್ದು ಅಷ್ಟಲ್ಲ. ನಿರ್ದೇಶಕರ ಖಾತೆಗೆ ನೇರವಾಗಿ ಬರೆಯುವವರು ಪ್ರೇಕ್ಷಕರಲ್ಲಿ ಸಣ್ಣ ತುಣುಕು. ಬೇಸರಪಟ್ಟು ಸುಮ್ಮನೆ ಮನೆಗೆ ಹೋದವನು ಆ 967ರಲ್ಲಿ ಇಲ್ಲ. ಆಟಿಕೆ ಕೊಳ್ಳುವುದನ್ನು ನಿಲ್ಲಿಸಿದವನೂ ಇಲ್ಲ.

ಸಂಸ್ಥೆ ಎಡವಿದ ಎರಡನೆಯ ತಿರುವು ಇದು. ನಿಂದಕರನ್ನೂ, ಕಥೆಯಲ್ಲಿ ಲೋಪ ತೋರಿಸಿದವರನ್ನೂ, ಲ್ಯೂಕ್‌ನನ್ನು ಹಾಗೆ ನೋಡಲಾರದೆ ಮರುಗಿದವರನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿದರು. ಲ್ಯೂಕ್ ಪಾತ್ರಧಾರಿಯೇ ತಮ್ಮ ಪಾತ್ರದ ದಿಕ್ಕಿನ ಬಗ್ಗೆ ಭಿನ್ನಾಭಿಪ್ರಾಯವಿತ್ತೆಂದು ಬಹಿರಂಗವಾಗಿ ಹೇಳಿದ್ದರು. ಅಂಥ ಅಳುಕನ್ನು ದ್ವೇಷ ಎನ್ನಲಾಗದು. ಆಮೇಲೆ ಉಲ್ಟಾ ದಿಕ್ಕಿನಲ್ಲಿ ಹೊರಳಿದರು. ಒಂಬತ್ತನೆಯ ಚಿತ್ರದಲ್ಲಿ ರೋಸ್ ಪಾತ್ರ ತೆರೆಯ ಮೇಲೆ ಒಂದೂಕಾಲು ನಿಮಿಷದಷ್ಟು ಮಾತ್ರ ಇದೆ. ಚಿತ್ರದ ಅವಧಿ 142 ನಿಮಿಷ. ಕಾರಣ ಏನೇ ಇದ್ದರೂ ಹೊರಗೆ ಕಂಡದ್ದು ಒಂದೇ: ಕಿರುಕುಳ ಕೊಟ್ಟವರ ಇಷ್ಟ ನಡೆಯಿತು, ಆಕೆಯ ಪರ ನಿಂತ ಅಭಿಮಾನಿಗಳಿಗೆ ಏನೂ ಸಿಗಲಿಲ್ಲ. ಚಿತ್ರ 107 ಕೋಟಿ ಡಾಲರ್‌ನಷ್ಟು ಗಳಿಸಿತು, ಏಳನೆಯದರ ಅರ್ಧ.

ಸರಿಪಡಿಸಲು ಮಾಡಿದ್ದು

ಚಿತ್ರಮಂದಿರದ ಬಾಗಿಲು ಮುಚ್ಚಿ ಮನೆಯ ಪರದೆಗೆ ಬಂದರು. 2019ರ ನವೆಂಬರ್ 12ರಂದು ಡಿಸ್ನಿಯ ಸ್ಟ್ರೀಮಿಂಗ್ ಸೇವೆ ಡಿಸ್ನಿ ಪ್ಲಸ್ ಜೊತೆಗೇ ‘ದಿ ಮ್ಯಾಂಡಲೋರಿಯನ್’ ಧಾರಾವಾಹಿ ಶುರುವಾಯಿತು. ಮೊದಲ ಸೀಸನ್‌ಗೆ ಎಂಟು ಕಂತು, ಒಬ್ಬ ಬೇಟೆಗಾರ, ಒಂದು ಕೂಸು. ಹಳೆಯ ನಾಯಕರ ಹಣೆಬರಹವನ್ನು ಅದು ಮುಟ್ಟಲಿಲ್ಲ, ಹಿಂದಿನ ಚಿತ್ರಗಳಿಗೆ ಉತ್ತರ ಕೊಡಲೂ ಹೋಗಲಿಲ್ಲ. ಆ ಕೂಸಿನ ಚಿತ್ರ ಮುಂಚೆಯೇ ಸೋರಿಹೋಗಬಾರದೆಂದು ಗೊಂಬೆಗಳನ್ನು ಅಂಗಡಿಗೆ ಬಿಡದೆ ತಡೆದರು. ಕ್ರಿಸ್‌ಮಸ್ ವ್ಯಾಪಾರ ಹೋದರೂ ಪರವಾಗಿಲ್ಲ, ಕಥೆಯ ಗುಟ್ಟು ಉಳಿಯಲಿ ಎಂದು ತೆಗೆದುಕೊಂಡ ಈ ನಿರ್ಧಾರ ಈ ಇಡೀ ಪ್ರಕರಣದಲ್ಲಿ ನಮಗೆ ಅತ್ಯಂತ ಇಷ್ಟವಾದದ್ದು.

ಎರಡನೆಯದು ‘ದಿ ಕ್ಲೋನ್ ವಾರ್ಸ್’. ಹೊಸ ಮಾಲೀಕರು 2013ರಲ್ಲಿ ಐದು ಸೀಸನ್‌ಗೆ ಅದನ್ನು ನಿಲ್ಲಿಸಿದ್ದರು. ತಯಾರಾಗಿದ್ದ 13 ಕಂತು 2014ರಲ್ಲಿ ನೆಟ್‌ಫ್ಲಿಕ್ಸ್‌ಗೆ ಹೋದವು. ಕಥೆಯನ್ನು ಮುಗಿಸಿಕೊಡಿ ಎಂದು ಅಭಿಮಾನಿಗಳು ಐದು ವರ್ಷ ಕೇಳುತ್ತಲೇ ಇದ್ದರು. 2018ರ ಜುಲೈನಲ್ಲಿ ಒಪ್ಪಿಗೆ ಸಿಕ್ಕಿತು, 2020ರಲ್ಲಿ 12 ಕಂತುಗಳ ಕೊನೆಯ ಸೀಸನ್ ಬಂತು. ಕೊನೆಯ ನಾಲ್ಕು ಕಂತುಗಳನ್ನು ಹಳೆಯ ಅಭಿಮಾನಿಗಳು ಮೂಲ ಚಿತ್ರಗಳ ಸಾಲಿನಲ್ಲಿಟ್ಟು ನೋಡುತ್ತಾರೆ.

ಮೂರನೆಯದು ‘ಆ್ಯಂಡೋರ್’. ಮೊದಲು ಐದು ಸೀಸನ್ ಯೋಚಿಸಿದ್ದವರು, ಅಷ್ಟು ವರ್ಷ ಹಿಡಿಯುವುದಿಲ್ಲವೆಂದು ಅರಿತು ಎರಡಕ್ಕೆ ಇಳಿಸಿದರು, ತಲಾ 12 ಕಂತು. ಕೊನೆ ಎಲ್ಲಿಗೆ ಮುಟ್ಟಬೇಕೆಂಬುದು ಮೊದಲ ದಿನವೇ ಗೊತ್ತಿತ್ತು: ‘ರೋಗ್ ವನ್’ ಶುರುವಾಗುವ ಕ್ಷಣಕ್ಕೆ. ಎರಡನೆಯ ಸೀಸನ್‌ನಲ್ಲಿ ಮೂರು ಮೂರು ಕಂತಿಗೆ ಒಂದು ವರ್ಷದಂತೆ ನಾಲ್ಕು ವರ್ಷ ದಾಟಿಸಿದರು. 2022ರಲ್ಲಿ ಶುರುವಾದಾಗ ಇದಕ್ಕೆ ದೊಡ್ಡ ಗದ್ದಲದ ಸ್ವಾಗತವಿರಲಿಲ್ಲ. ಬಾಯಿಂದ ಬಾಯಿಗೆ ಹರಡಿ ಬೆಳೆಯಿತು. 2025ರಲ್ಲಿ ಬರವಣಿಗೆಗೆ ಎಮ್ಮಿ ಪ್ರಶಸ್ತಿ ಪಡೆಯಿತು.

ಎಲ್ಲವೂ ಹೀಗೆ ಸರಿಹೋಯಿತೆಂದಲ್ಲ. 2020ರ ಡಿಸೆಂಬರ್‌ನಲ್ಲಿ ಹೂಡಿಕೆದಾರರ ಮುಂದೆ ಹತ್ತಾರು ಯೋಜನೆಗಳನ್ನು ಒಟ್ಟಿಗೆ ಸಾರಿದರು. ಅದರಲ್ಲಿ 2023ರ ಡಿಸೆಂಬರ್‌ಗೆಂದು ತಾರೀಖು ಹಾಕಿದ್ದ ಚಿತ್ರ ಬರಲಿಲ್ಲ. ಅದಕ್ಕೂ ಮುಂಚೆ ಘೋಷಿಸಿದ್ದ ಎರಡು ಹೊಸ ಚಿತ್ರಮಾಲಿಕೆಗಳಲ್ಲಿ ಒಂದರ ಬರಹಗಾರರು 2019ರಲ್ಲೇ ಬಿಟ್ಟುಹೋದರು, ಇನ್ನೊಂದು ಶುರುವಾಗಲಿಲ್ಲ. ಪ್ರತಿ ಘೋಷಣೆಯೂ ಅಭಿಮಾನಿಗೆ ಕೊಟ್ಟ ಮಾತು. ಹಿಂದೆಗೆದುಕೊಂಡಾಗ ಸದ್ದಿಲ್ಲದೆ ಸಾಲ ಏರುತ್ತದೆ. 2024ರ ‘ದಿ ಅಕೊಲೈಟ್’ ಎಂಟು ಕಂತಿಗೆ ರದ್ದಾದಾಗ 2018ರ ಜಗಳವೇ ಮರುಕಳಿಸಿತು, ಅದೇ ಎರಡು ಬಣ, ಅದೇ ಮಾತು.

ಇದರಿಂದ ತಿಳಿಯುವುದು

ಕಥೆ ವಹಿಸಿಕೊಂಡವರು ಮೊದಲು ಮಾಡಬೇಕಾದ ಕೆಲಸ ಒಂದು ಪ್ರಶ್ನೆಪಟ್ಟಿ. ಮೊದಲ ಭಾಗ ಎತ್ತುವ ಪ್ರತಿ ಪ್ರಶ್ನೆಗೆ ಒಂದು ಸಾಲು: ಪ್ರಶ್ನೆ ಏನು, ಯಾವ ಭಾಗದಲ್ಲಿ ಉತ್ತರ, ಉತ್ತರವೇನು, ಬದಲಿಸುವ ಅಧಿಕಾರ ಯಾರಿಗೆ. ನಾಲ್ಕನೆಯ ಅಂಕಣವೇ ಮುಖ್ಯ. ನಿರ್ದೇಶಕರಿಗೆ ಸ್ವಾತಂತ್ರ್ಯ ಬೇಡವೆಂದು ಇದರರ್ಥವಲ್ಲ. ಉತ್ತರಕ್ಕೆ ಹೋಗುವ ದಾರಿ ಅವರದು, ಉತ್ತರ ಮಾತ್ರ ಪಟ್ಟಿಯದು. ರೇಯ ತಂದೆತಾಯಿಯ ವಿಷಯ ಹೀಗೆ ಒಂದು ಸಾಲಾಗಿ ಬರೆದಿದ್ದರೆ ‘ಸಾಮಾನ್ಯರು’ ಎಂಬ ಉತ್ತರವೂ ನಿಲ್ಲುತ್ತಿತ್ತು, ‘ಮೊಮ್ಮಗಳು’ ಎಂಬುದೂ ನಿಲ್ಲುತ್ತಿತ್ತು. ಎರಡೂ ಸೇರಿದ್ದರಿಂದ ಎರಡೂ ಬಿದ್ದವು.

ತಾರೀಖನ್ನು ಹೂಡಿಕೆದಾರರಿಗೆ ಹೇಳಲೇಬೇಕಾದ ಒತ್ತಡ ದೊಡ್ಡ ಕಂಪನಿಗಳಿಗೆ ಇದ್ದೇ ಇರುತ್ತದೆ. ಆಗ ಕಡೇಪಕ್ಷ ಮೊದಲ ಭಾಗದ ತಾರೀಖು ಮಾತ್ರ ಹೇಳಿ, ಎರಡನೆಯದರ ಚಿತ್ರೀಕರಣವನ್ನು ಮೊದಲನೆಯದು ತೆರೆಕಂಡ ಆರು ತಿಂಗಳ ನಂತರಕ್ಕೆ ಇಡಬೇಕು. ಆ ಆರು ತಿಂಗಳಲ್ಲಿ ಗದ್ದಲ ತಗ್ಗುತ್ತದೆ, ಜನ ಎರಡನೆಯ ಸಲ ನೋಡಿರುತ್ತಾರೆ, ನಿಜವಾದ ದೂರು ಮೇಲಕ್ಕೆ ಬರುತ್ತದೆ. ಮೊದಲ ವಾರದ ಕೂಗನ್ನು ಕೇಳಿ ಚಿತ್ರಕಥೆ ತಿದ್ದಬಾರದು. ನಡುವಿನ ಭಾಗ ಕೆಲವರಿಗೆ ಹಿಡಿಸದಿದ್ದರೂ ಅದನ್ನು ಒಪ್ಪಿ ಮುಂದೆ ನಡೆಯಬೇಕು. ಮೂರನೆಯ ಭಾಗ ಎರಡನೆಯದನ್ನು ಅಳಿಸಹೊರಟರೆ ಮೆಚ್ಚಿದವರೂ ಕೈತಪ್ಪುತ್ತಾರೆ, ಮುನಿದವರೂ ಮರಳುವುದಿಲ್ಲ.

ಪ್ರತಿಕ್ರಿಯೆಗಳನ್ನು ಓದುವಾಗ ಮೊದಲು ರಾಶಿ ಬೇರೆ ಮಾಡಬೇಕು. ವ್ಯಕ್ತಿನಿಂದನೆ ಒಂದು ಕಡೆ: ಅದಕ್ಕೆ ಉತ್ತರ ಕಂಪನಿಯ ಕಾನೂನು ವಿಭಾಗದಿಂದ, ಮೊದಲ ದಿನವೇ, ಕಲಾವಿದರ ಪರವಾಗಿ ಹೆಸರು ಹಾಕಿ ಬರಬೇಕು. ರಾಜಕೀಯದ ಸಂಘಟಿತ ಪ್ರಚಾರ ಇನ್ನೊಂದು ಕಡೆ: ಅದನ್ನು ಎಣಿಸಿ ಪಕ್ಕಕ್ಕಿಡುವುದಷ್ಟೇ ಕೆಲಸ. ಕಥೆಯ ಕಟ್ಟಡದ ಬಗ್ಗೆ ಬಂದ ದೂರು ಬರಹಗಾರರ ಮೇಜಿಗೆ ಹೋಗಬೇಕು. ಉಳಿಯುವ ನಾಲ್ಕನೆಯ ರಾಶಿ ದುಃಖದ್ದು, ನನ್ನ ಬಾಲ್ಯದ ನಾಯಕ ಹೀಗೆ ಸೋಲಬಾರದಿತ್ತು ಎನ್ನುವವರದ್ದು. ಅವರಿಗೆ ವಾದದಿಂದ ಉಪಯೋಗವಿಲ್ಲ, ಅವರನ್ನು ಹಳಬರು, ಸಂಕುಚಿತರು ಎಂದು ಜರಿದರಂತೂ ಅವರು ಮೊದಲ ರಾಶಿಯವರ ತೆಕ್ಕೆಗೆ ಹೋಗಿ ಬೀಳುತ್ತಾರೆ. ಈ ಪ್ರಕರಣದಲ್ಲಿ ಹಾಗೆಯೇ ಆಯಿತು, ಅದನ್ನು ತಡೆಯಬಹುದಿತ್ತು.

ಹಳೆಯ ಪುಸ್ತಕಗಳ ವಿಷಯದಲ್ಲಿ ಸಂಸ್ಥೆ ಕೊನೆಗೆ ಕಂಡುಕೊಂಡ ದಾರಿ ಅನುಸರಿಸತಕ್ಕದ್ದು. ಬದಿಗಿಟ್ಟ ಪುಸ್ತಕಗಳನ್ನು ‘ಲೆಜೆಂಡ್ಸ್’ ಪಟ್ಟಿ ಹಚ್ಚಿ ಅಂಗಡಿಯಲ್ಲಿ ಉಳಿಸಿದರು, ಆಮೇಲೆ ಅವುಗಳಿಂದ ಒಬ್ಬೊಬ್ಬರನ್ನೇ ಹೊಸ ಕಥೆಗೆ ಕರೆತಂದರು. 1991ರ ಕಾದಂಬರಿಯ ಸೇನಾಪತಿ ಥ್ರಾನ್ 2016ರಲ್ಲಿ ಅನಿಮೇಷನ್‌ನಲ್ಲಿ, 2023ರಲ್ಲಿ ನಟರಿರುವ ಸರಣಿಯಲ್ಲಿ ಮರಳಿದ. ಇದೇ ಕೆಲಸವನ್ನು ಪುಸ್ತಕಗಳನ್ನು ಬದಿಗಿಟ್ಟ ದಿನವೇ ಹೇಳಿದ್ದರೆ, ಅಂದರೆ ಯಾರ ಕಥೆಯನ್ನು ಮುಂದೆ ತೆಗೆದುಕೊಳ್ಳುವ ಉದ್ದೇಶವಿದೆ ಎಂದು ಒಂದೆರಡು ಹೆಸರಾದರೂ ಕೊಟ್ಟಿದ್ದರೆ, 2014ರ ನೋವು ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ಅಭಿಮಾನಿ ಬಳಗ ನಡೆಸುವವರಿಗೂ ಇಲ್ಲಿ ಕೆಲಸವಿದೆ. ಒಂದು ಲಕ್ಷ ಸಹಿಯ ಮನವಿ ಏನನ್ನೂ ಬದಲಿಸಲಿಲ್ಲ. ಬಿಡುಗಡೆಯಾದ ಚಿತ್ರವನ್ನು ಯಾವ ಕಂಪನಿಯೂ ಇಲ್ಲವೆನ್ನಲಾರದು. ‘ದಿ ಕ್ಲೋನ್ ವಾರ್ಸ್’ ಮುಗಿಸಿಕೊಡಿ ಎಂದವರು ಕೇಳಿದ್ದು ಕೊಡಲು ಸಾಧ್ಯವಿದ್ದದ್ದನ್ನು: ಬರೆದಿಟ್ಟ ಕಥೆ ಇತ್ತು, ಅದೇ ಬರಹಗಾರರು ಸಂಸ್ಥೆಯಲ್ಲೇ ಇದ್ದರು, ಬೇಕಿದ್ದದ್ದು ಒಂದು ಸೀಸನ್. ಮನವಿ ಬರೆಯುವ ಮುನ್ನ ಅದರಲ್ಲಿ ಕೇಳುತ್ತಿರುವುದನ್ನು ಕೊಡಬಲ್ಲ ಹುದ್ದೆ ಯಾವುದು, ಅವರು ಕೊಡಬೇಕಾದ್ದು ಎಷ್ಟು ಕಂತು, ಎಷ್ಟು ಪುಟ ಎಂದು ಬರೆದುಕೊಳ್ಳಬೇಕು. ಮತ್ತು ಮನವಿಯ ಕೆಳಗೆ ಕಲಾವಿದರನ್ನು ಬೈಯುವ ಟಿಪ್ಪಣಿ ಬಂದರೆ ಅದೇ ದಿನ ತೆಗೆಯಬೇಕು, ಏಕೆಂದರೆ ಓದುವ ಕಂಪನಿಯವರು ಮೊದಲು ನೋಡುವುದು ಆ ಟಿಪ್ಪಣಿಗಳನ್ನೇ.